ಯಾರೂ ಕಲಸದ ಬಣ್ಣ

ಸುಳ್ಳು ಹೇಳುವುದಕ್ಕೂ ಒಂದು ಅಂದಾಜು ಬೇಕು ನೋಡಿ. ಹೊಟ್ಟೆನೋವು ಅಂತ ಸುಳ್ಳು ಹೇಳಿ ರಜೆ ಹಾಕಬಹುದು, ಬಸ್ಸು ತಪ್ಪಿತು ಅಂತ ಸುಳ್ಳು ಹೇಳಿ ತಡವಾಗಿ ಬರಬಹುದು. ಲೋಕ ಅಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ತಾನು ಮಾಡದ ಬಣ್ಣವನ್ನು ತಾನೇ ಮಾಡಿದ್ದು ಅಂತ ತುಂಬಿದ ಸಭೆಯಲ್ಲಿ ಹೇಳಿ, ಎಲ್ಲರಿಂದ ಚಪ್ಪಾಳೆ ತಟ್ಟಿಸಿಕೊಂಡು, ಆಮೇಲೆ ಆ ಬಣ್ಣ ಎಲ್ಲಿದೆಯಪ್ಪಾ ಅಂತ ಹುಡುಕಿಕೊಂಡು ಹೊರಟವಳಿಗೆ ಏನನ್ನೋಣ?

ಅವಳನ್ನು ಕೆಟಲ್ ಕಾರ್ಖಾನೆಯಲ್ಲಿ ಎಲ್ಲರೂ ಚುಕ್ಕಿ ಅನ್ನುತ್ತಿದ್ದರು. ಯಾವತ್ತು ನೋಡಿದರೂ ಮೂಗಿನ ತುದಿಯಲ್ಲೋ ಮೊಣಕೈಯಲ್ಲೋ ಕಿವಿಯ ಹಿಂದೆಯೋ ಒಂದು ಬಣ್ಣದ ಚುಕ್ಕಿ ಇದ್ದೇ ಇರುತ್ತಿತ್ತು. ಕೆಲಸವೇ ಹಾಗೆ. ನೀರು ಕಾಯಿಸುವ ಕರೆಂಟ್ ಕೆಟಲ್‌ಗಳಿಗೆ ಮೊದಲು ಬೂದಿ ಬಣ್ಣದ ಪ್ರೈಮರ್ ಬಳಿಯುತ್ತಾರೆ, ಅದರ ಮೇಲೆ ನಿಜವಾದ ಬಣ್ಣವನ್ನು ಸ್ಪ್ರೇ ಮಾಡಿ ಒಲೆಯಲ್ಲಿ ಒಣಗಿಸುತ್ತಾರೆ. ಆ ನಿಜವಾದ ಬಣ್ಣವನ್ನು ಕಲಸುವವಳು ಚುಕ್ಕಿ. ನಿಜವಾದ ಬಣ್ಣ ಅಂದರೆ ಏನು ಮಣ್ಣು, ಬಿಳಿ! ವರ್ಷಾನುಗಟ್ಟಲೆ ಬಿಳಿ. ಬೇಜಾರಾದರೆ ಕೆನೆ ಬಿಳಿ. ತೀರಾ ಹುಚ್ಚು ಹಿಡಿದರೆ ಮೊಟ್ಟೆ ಬಿಳಿ.

ಆದರೂ ಅವಳಿಗೆ ಒಂದು ಕೋಣೆ ಇತ್ತು. ಕಾರ್ಖಾನೆಯ ಹಿಂಭಾಗದಲ್ಲಿ, ಒಂದು ದೊಡ್ಡ ಕಿಟಕಿ, ನಾಲ್ಕೂ ಗೋಡೆಗೆ ಬೂದಿ ಬಣ್ಣ, ನೆಲವೂ ಬೂದಿ, ಮೇಜೂ ಬೂದಿ. ಒಳಗೆ ಬರುವವರು ಬಾಗಿಲ ಬಳಿ ನೇತುಹಾಕಿದ ಬೂದಿ ಕೋಟು ತೊಟ್ಟೇ ಬರಬೇಕು, ಒಡತಿಯಾದರೂ ಸರಿ. "ಯಾಕೇ ಚುಕ್ಕಿ, ಇಲ್ಲೇನು ಆಪರೇಷನ್ ಮಾಡ್ತೀಯಾ?" ಅಂತ ಯಾರಾದರೂ ರೇಗಿಸಿದರೆ ಅವಳು ಹೇಳುವಳು: "ಬಣ್ಣಕ್ಕೆ ಪಕ್ಕದ ಬಣ್ಣ ಅಂದ್ರೆ ಪಕ್ಕದ ಮನೆಯವರಿದ್ದ ಹಾಗೆ. ಅವರು ಸುಮ್ನೆ ಕೂತಿದ್ರೂ ನಮ್ಮನೆ ಬುದ್ಧಿ ಕೆಡುತ್ತೆ. ಕೋಟು ಹಾಕ್ಕೊಳ್ಳಿ." ಒಂದು ಬಣ್ಣ ನೋಡಿ ಇನ್ನೊಂದನ್ನು ನೋಡುವ ಮುಂಚೆ ಬೂದಿ ಗೋಡೆ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು ಅನ್ನುವುದು ಅವಳದೇ ಕಾನೂನು.

ಆ ಕೋಣೆ ಅಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು, ಅಣ್ಣನ ಹೊಲಿಗೆ ಮೆಷಿನ್ನು, ಇಷ್ಟರ ನಡುವೆ ಚುಕ್ಕಿ. ಹುಟ್ಟಿದಾಗಿನಿಂದ ತನ್ನದು ಅಂತ ಒಂದು ಜಾಗದಲ್ಲಿ ಕಾಲು ಚಾಚಿ ಕೂತವಳಲ್ಲ. ಅತ್ತರೂ ಎಲ್ಲರೆದುರು, ನಕ್ಕರೂ ಎಲ್ಲರೆದುರು. ಕಾರ್ಖಾನೆಯ ಆ ಬೂದಿ ಕೋಣೆಯಲ್ಲಿ ಮಾತ್ರ ಅವಳು ಒಬ್ಬಳೇ ಕೂತು ತನ್ನಷ್ಟಕ್ಕೆ ತಾನು ಗುನುಗಬಹುದಿತ್ತು.

ಆ ಕೋಣೆಯ ಮೇಲೆ ಕಣ್ಣು ಬಿದ್ದದ್ದು ಮಾವನಿಗೆ. ಮಾವ ಅಂದರೆ ಒಡತಿಯ ಖಾಸಾ ತಮ್ಮ, ಮಾರಾಟದ ಮುಖ್ಯಸ್ಥ. ಒಡತಿಯ ಮಕ್ಕಳು ಮಾವ ಮಾವ ಅಂತ ಕರೆದು ಕರೆದು, ಈಗ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಅವರು ಮಾವನೇ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಇಡಲು ಜಾಗ ಸಾಲದು ಅನ್ನುವುದು ಮಾವನ ನಿತ್ಯದ ಗೋಳು.

"ಅಕ್ಕಾ, ಬಿಳಿ ಬಣ್ಣ ಅಂಗಡಿಲಿ ಡಬ್ಬಿ ಡಬ್ಬಿ ಸಿಗುತ್ತೆ. ಅದನ್ನ ಕಲಸೋಕೆ ಒಂದು ಕೋಣೆ, ಒಂದು ಕಿಟಕಿ, ಒಂದು ಮಹಾರಾಣಿ! ಬಿಳಿ ಬಿಟ್ಟು ಬೇರೆ ಬಣ್ಣದ ಕೆಟಲ್ ಯಾರಾದ್ರೂ ಕೊಳ್ತಾರಾ? ಬಿಳಿ ಅಂದ್ರೆ ಶುದ್ಧ. ಬಿಳಿ ಅಂದ್ರೆ ನಂಬಿಕೆ."

ಒಡತಿ ಕಡಿಮೆ ಮಾತಿನವರು. ಮಾತು ಕಡಿಮೆಯಾದಷ್ಟೂ ಕೇಳುವವರಿಗೆ ನಡುಕ ಹೆಚ್ಚು. ಅವರು ಹೇಳಿದ್ದಿಷ್ಟು: "ಹೊಸ ಕೆಟಲ್‌ಗೆ ನಂಗೆ ಬಿಳಿ ಬೇಡ. ಕೆಂಪು ಮಾಡ್ಸು. ಚುಕ್ಕಿ ತೋರಿಸಲಿ. ಎಲ್ಲರೂ ಒಪ್ಪೋಂಥ ಬಣ್ಣ ಬಂದ್ರೆ ಕೋಣೆ ಅವಳದು. ಬರ್ಲಿಲ್ಲ ಅಂದ್ರೆ ಕೆಟಲ್ ಬಿಳಿ, ಕೋಣೆ ನಿಂದು."

ಚುಕ್ಕಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಕೆಂಪು ಕಲಸಿದಳು ನೋಡಿ, ಕಲಸಿದಳು! ಟೊಮೆಟೊ ಕೆಂಪು, ಇಟ್ಟಿಗೆ ಕೆಂಪು, ಮೆಣಸಿನಕಾಯಿ ಕೆಂಪು, ದಾಳಿಂಬೆ ಕೆಂಪು, ಜಗಳವಾಡಿದ ಮೇಲೆ ಮುಖಕ್ಕೆ ಬರುವ ಕೆಂಪು. ಒಂದೊಂದು ಕೆಂಪಿಗೆ ಒಂದೊಂದು ಕೆಟಲ್. ಸಭೆಯ ದಿನ ಅವಳ ಕೋಣೆಯಲ್ಲಿ ಎಲ್ಲರಿಗೂ ಕೂರಲು ಜಾಗವಿಲ್ಲ ಅಂತ ಮೇಲಿನ ದೊಡ್ಡ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಸಾಲಿನ ತುದಿಯಲ್ಲಿ, ಕೆಂಪುಗಳಿಂದ ಸ್ವಲ್ಪ ದೂರಕ್ಕೆ, ಸ್ಪ್ರೇ ವಿಭಾಗದಿಂದ ಕೆಂಪಿನ ಜೊತೆ ಯಾರೋ ಅಪ್ಪಿತಪ್ಪಿ ತಂದಿಟ್ಟ ಬರೀ ಪ್ರೈಮರಿನ ಕೆಟಲ್ಲೂ ಒಂದು ನಿಂತಿತ್ತು. ಚುಕ್ಕಿ ಅದನ್ನು ಗಮನಿಸಲೇ ಇಲ್ಲ. ಅವಳ ಕಣ್ಣೆಲ್ಲ ಒಡತಿಯ ಮುಖದ ಮೇಲಿತ್ತು.

ವಾದ ಶುರುವಾಯಿತು. ಎಲ್ಲರೂ ಮೇಜಿಗೆ ಮೂಗು ತಾಗಿಸಿ ಕೆಂಪನ್ನೇ ನೋಡಿದರು. "ಇದು ಬೆಂಕಿ ಆರಿಸೋ ಸಿಲಿಂಡರ್ ಥರ ಇದೆ," ಅಂದರು ಮಾವ. "ಇದು ನೀರು ಕಾಯಿಸೋಕೆ ಇಟ್ಟು ಮರೆತ ಹಾಗಿದೆ," ಅಂದಳು ತಪಾಸಣೆ ವಿಭಾಗದಾಕೆ. "ಇದು ಚೆನ್ನಾಗಿದೆ, ಆದ್ರೆ ಯಾಕೋ ನಮ್ಮತ್ತೆ ಜ್ಞಾಪಕ ಬರ್ತಾರೆ," ಅಂದ ಲಾರಿಗಳನ್ನು ನೋಡಿಕೊಳ್ಳುವವನು. ಮುಟ್ಟಿದ್ದಕ್ಕೆಲ್ಲ ಒಂದು ಕೊಂಕು. ಒಂದು ಕೆಂಪಿನ ಮೇಲೆ ಮಾವನೂ ಒಡತಿಯೂ ಎಷ್ಟು ಹೊತ್ತು ಜಗಳವಾಡಿದರೆಂದರೆ, ಉಳಿದವರು ಬೇರೆ ಏನೂ ತೋಚದೆ ಆ ಕೆಂಪನ್ನೇ ಪಿಳಿಪಿಳಿ ನೋಡುತ್ತಾ ಕೂತರು. ಚುಕ್ಕಿ ಮನಸ್ಸಿನಲ್ಲೇ ತನ್ನ ಕೋಣೆಗೆ ಕೈಮುಗಿದು ಬೀಳ್ಕೊಟ್ಟಳು.

ಆಗ ಒಡತಿ ಬೇಸತ್ತು ತಲೆ ಎತ್ತಿ ಸಾಲಿನ ತುದಿಗೆ ನೋಡಿದರು.

"ಅದ್ಯಾವುದು?"

ಎಲ್ಲರೂ ತಿರುಗಿದರು. ಅಬ್ಬಾ! ಅಲ್ಲಿ ಒಂದು ಕೆಟಲ್ ಹೊಳೆಯುತ್ತಿತ್ತು. ಹಸಿರು ಅನ್ನಲು ಹೋದರೆ ನೀಲಿ, ನೀಲಿ ಅನ್ನಲು ಹೋದರೆ ಹಸಿರು. ತಣ್ಣಗೆ, ತೆಳ್ಳಗೆ, ಒಳಗಿನಿಂದ ದೀಪ ಹಚ್ಚಿದ ಹಾಗೆ. ನೋಡಿದವರ ಭುಜ ತಾನಾಗಿ ಇಳಿಯಿತು. ಲಾರಿಯವನು "ಆಹಾ" ಅಂದ. ತಪಾಸಣೆಯಾಕೆ ಕೆನ್ನೆಗೆ ಕೈ ಇಟ್ಟುಕೊಂಡಳು. ಬಿಳಿಯ ಭಕ್ತ ಮಾವ ಕೂಡ ಬಾಯಿ ತೆರೆದವರು ಮುಚ್ಚಲಿಲ್ಲ.

"ಇದೇ," ಅಂದರು ಒಡತಿ. "ಕೆಂಪು ಹಾಳಾಗಿಹೋಗಲಿ, ಇದೇ. ಚುಕ್ಕಿ, ಇದು ನೀನು ಮಾಡಿದ್ದಾ?"

ಚುಕ್ಕಿ ಕೂಡ ಆ ಬಣ್ಣ ನೋಡಿದಳು. ಅದನ್ನು ತಾನು ಕಲಸಿದ ನೆನಪು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಅಷ್ಟು ಮುಖಗಳು ಒಟ್ಟಿಗೆ ತನ್ನನ್ನು ಹೀಗೆ ನೋಡಿದ್ದು ಜನ್ಮದಲ್ಲಿ ಇದೇ ಮೊದಲು. ನಾಲಗೆ ಅವಳನ್ನು ಕೇಳದೆಯೇ ಹೊರಳಿತು.

"ಹೌದು ಮೇಡಂ. ನಂದೇ."

ಚಪ್ಪಾಳೆ! ಮಾವನೇ ಮೊದಲು ತಟ್ಟಿದ್ದು. ಎಲ್ಲರೂ ಖುಷಿಯಲ್ಲಿ ಊಟಕ್ಕೆ ಎದ್ದರು. ಊಟ ಮುಗಿಸಿ ಕೆಟಲ್ ತರಲು ಚುಕ್ಕಿ ಮೇಲೆ ಓಡಿಬಂದರೆ, ಸಾಲಿನ ತುದಿಯಲ್ಲಿ ನಿಂತದ್ದು ಬೂದಿ ಬಣ್ಣದ, ಸಪ್ಪೆ ಮೋರೆಯ, ಬರೀ ಪ್ರೈಮರ್ ಮೆತ್ತಿದ ಕೆಟಲ್.  ಮೇಜಿನ ಕೆಳಗೆ ನೋಡಿದಳು, ಪರದೆ ಹಿಂದೆ ನೋಡಿದಳು, ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಬಣ್ಣ ಮಂಗಮಾಯ.

ಅಷ್ಟರಲ್ಲಿ ಒಡತಿ ಬಾಗಿಲಲ್ಲಿ ಇಣುಕಿದರು. "ಮುಂದಿನ ವಾರದ ಕೊನೆಗೆ ಅಂಗಡಿಯವರೆಲ್ಲ ನೋಡೋಕೆ ಬರ್ತಾರೆ. ಹೇಳಿಬಿಟ್ಟಿದ್ದೀನಿ. ಅದೇ ಬಣ್ಣ, ಒಂದು ಕೂದಲೂ ಆಚೀಚೆ ಆಗ್ಬಾರ್ದು." ಚುಕ್ಕಿ ಬೂದಿ ಕೆಟಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಹಲ್ಲು ಕಿರಿದು, ತಲೆ ಆಡಿಸಿದಳು.

ಯಾರೋ ಕೆಟಲ್ ಬದಲಾಯಿಸಿದ್ದಾರೆ! ಯಾರೋ ಯಾಕೆ, ಮಾವನೇ! ಕೋಣೆ ಕೈತಪ್ಪಿತಲ್ಲ ಅಂತ ಹೊಟ್ಟೆಕಿಚ್ಚಿಗೆ ಎತ್ತಿಟ್ಟಿದ್ದಾರೆ. ಚಪ್ಪಾಳೆ ಮೊದಲು ತಟ್ಟಿದ್ದೇ ಅನುಮಾನಕ್ಕೆ ಕಾರಣವಾಯಿತು. ಮಾರನೆಯ ದಿನ ಮಾವ ಫೋನು ಹಿಡಿದು ಅಂಗಳದಲ್ಲಿ ಅಡ್ಡಾಡುವ ಹೊತ್ತು ನೋಡಿ ಚುಕ್ಕಿ ಅವರ ಕೋಣೆಗೆ ನುಗ್ಗಿದಳು. ಬೀರು ತೆರೆದಳು. ಮೇಲಿನ ಅರೆಯಲ್ಲಿ ಬಿಳಿ ಕೆಟಲ್‌ಗಳು. ನಡುವಿನ ಅರೆಯಲ್ಲಿ ಬಿಳಿ ಕೆಟಲ್‌ಗಳು. ಕೆಳಗಿನ ಅರೆಯಲ್ಲಿ, ಟವೆಲ್ಲಿನ ಹಿಂದೆ, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಬಾಟಲಿಗಳು, ಒಂದರ ಹಿಂದೆ ಒಂದು.

"ಏನೇ ಅದು?"

ಮಾವ ಬಾಗಿಲಲ್ಲಿ. ಕಳ್ಳಿ ಯಾರು, ಕಳ್ಳ ಯಾರು ಅನ್ನುವುದು ಅರೆಕ್ಷಣ ಇಬ್ಬರಿಗೂ ತಿಳಿಯಲಿಲ್ಲ.

"ಬೀರುಗೆ ಬಣ್ಣ ಹೊಡೀಬೇಕಲ್ಲ ಮಾವ, ಅಳತೆ ನೋಡ್ತಿದ್ದೆ," ಅಂದಳು ಚುಕ್ಕಿ.

ಮಾವನ ಕೈ ತಾನಾಗಿ ತಲೆಗೆ ಹೋಯಿತು. "ಅದು... ಸ್ನೇಹಿತರು ಇಡೋಕೆ ಕೊಟ್ಟಿದ್ದು. ಅಕ್ಕನಿಗೆ ಹೇಳ್ಬೇಡ."

"ಬಿಳಿ ಅಂದ್ರೆ ಶುದ್ಧ ಅಲ್ವಾ ಮಾವ?"

"ಕೆಟಲ್‌ಗೆ ಕಣೇ! ನಡಿ ಆಚೆ!"

ಇಬ್ಬರೂ ನಗು ತಡೆದುಕೊಳ್ಳಲು ಒದ್ದಾಡಿದರು. ಹೊರಗೆ ಬಂದ ಮೇಲೆ ಚುಕ್ಕಿಗೆ ಹೊಳೆಯಿತು, ಮಾವ ಕದ್ದಿಲ್ಲ. ಕದ್ದವರ ಮುಖ ಬಾಟಲಿಗೆಲ್ಲ ಅಷ್ಟು ಕೆಂಪಾಗುವುದಿಲ್ಲ.

ಸರಿ, ಸಿಗದಿದ್ದರೆ ಮಾಡೋಣ ಅಂತ ಕಲಸಲು ಕೂತಳು. ಹಸಿರಿಗೆ ನೀಲಿ, ನೀಲಿಗೆ ಬಿಳಿ, ಬಿಳಿಗೆ ಒಂದು ಹನಿ ಹಳದಿ. ಒಂದು ಬಣ್ಣ ಆಸ್ಪತ್ರೆಯ ಪರದೆಯಂತಾಯಿತು. ಇನ್ನೊಂದು ಹಲ್ಲುಜ್ಜುವ ಪೇಸ್ಟು. ಮತ್ತೊಂದನ್ನು ನೋಡಿ, ಲೋಹದ ಅಚ್ಚು ಮಾಡುವ ಅಚ್ಚಿನಣ್ಣ, "ತಂಗೀ, ಇದು ನಮ್ಮ ಮನೆ ನೀರಿನ ತೊಟ್ಟಿ ಪಾಚಿ, ಥೇಟ್," ಅಂದ. ಯಾವ ಬಣ್ಣಕ್ಕೂ ಆ ಒಳಗಿನ ದೀಪ ಇರಲಿಲ್ಲ. ಇತ್ತ ಮಾವನ ಆಳುಗಳು ಆಗಲೇ ರಟ್ಟಿನ ಪೆಟ್ಟಿಗೆಗಳನ್ನು ತಂದು ಕೋಣೆಯ ಮೂಲೆಗೆ ಒಟ್ಟತೊಡಗಿದ್ದರು. "ಸುಮ್ನೆ ಎರಡು ದಿನ ಇರಲಿ ಕಣೇ, ಮಳೆ ಬಂದ್ರೆ ನೆನೆಯುತ್ತೆ," ಅಂದರು ಮಾವ. ಮಳೆಯ ಸುಳಿವೇ ಇರಲಿಲ್ಲ. ಪೆಟ್ಟಿಗೆಗಳು ಕಿಟಕಿಯ ಅರ್ಧಕ್ಕೆ ಬಂದವು. ಚುಕ್ಕಿಗೆ ಅಳು ಬಂತು, ಅತ್ತರೆ ಕಣ್ಣು ಮಂಜಾಗಿ ಬಣ್ಣ ಕಾಣುವುದಿಲ್ಲ ಅಂತ ಅಳಲೂ ಇಲ್ಲ.

ಹಿಂದಿನ ರಾತ್ರಿಯೇ ಮನೆಯವರ ಮುಂದೆ ಎಲ್ಲವನ್ನೂ ಬಾಯಿಬಿಟ್ಟು, ರಜೆಯ ದಿನ ಬೆಳಿಗ್ಗೆ ಮನೆಯಲ್ಲಿ ಅವಳು ಗರ ಬಡಿದವಳಂತೆ ಕೂತಿದ್ದಾಗ ಅತ್ತಿಗೆಗೆ ರೇಗಿತು. ಅತ್ತಿಗೆ ಒಳ್ಳೆಯವಳು, ಆದರೆ ಯಾರಾದರೂ ಸುಮ್ಮನೆ ಕೂತರೆ ಅವಳ ಮೈಯೆಲ್ಲ ತುರಿಸುತ್ತದೆ.

"ಏಳೇ ಮಾರಾಯ್ತಿ! ಹೊದಿಕೆ ಒಗೆದಿದ್ದೀನಿ, ಒಂದು ಕಡೆ ಹಿಡ್ಕೋ, ಹಿಂಡಬೇಕು."

ಆ ಹೊದಿಕೆ ಅಮ್ಮನದು, ಭರ್ಜರಿ ಕೆಂಪು. ಇಬ್ಬರೂ ಹಿಂಡಿ, ಬಿಡಿಸಿ, ಹಿತ್ತಲ ಹಗ್ಗಕ್ಕೆ ಹಾಕಲು ಎರಡು ತುದಿ ಹಿಡಿದು ನಿಂತರು. ನಿಂತದ್ದೇ ತಡ, ಅತ್ತಿಗೆ ಉಪದೇಶ ಶುರು ಮಾಡಿದಳು. ಒಂದು ಸುಳ್ಳು ಹೇಳಿದರೆ ಹೇಗೆ ನೂರು ಸುಳ್ಳು ಬೆನ್ನು ಹತ್ತುತ್ತವೆ, ಹೋಗಿ ಕಾಲಿಗೆ ಬಿದ್ದು ನಿಜ ಹೇಳುವುದು ಹೇಗೆ ಮೇಲು, ಇತ್ಯಾದಿ ಇತ್ಯಾದಿ. ಅತ್ತಿಗೆಯ ಮುಖ ನೋಡಲು ನಾಚಿಕೆಯಾಗಿ ಚುಕ್ಕಿ ಕಣ್ಣ ಮುಂದಿದ್ದ ಕೆಂಪು ಹೊದಿಕೆಯನ್ನೇ ನೆಟ್ಟ ನೋಟದಿಂದ ನೋಡುತ್ತಾ ನಿಂತಳು. ಉಪದೇಶ ಮುಗಿದು ಅತ್ತಿಗೆ ಹೊದಿಕೆಯನ್ನು ಸರಕ್ಕನೆ ಎಳೆದುಕೊಂಡಳು. ಹಿಂದೆ ಇದ್ದದ್ದು ಹಿತ್ತಲಿನ ಬೂದಿ ಸಿಮೆಂಟ್ ಗೋಡೆ.

ಗೋಡೆಯ ಮೇಲೆ ಆ ಬಣ್ಣ! ಹೊದಿಕೆಯಷ್ಟೇ ಅಗಲಕ್ಕೆ, ತಣ್ಣಗೆ, ದೀಪ ಹಚ್ಚಿದ ಹಾಗೆ!

ಚುಕ್ಕಿ ಕಿಟಾರನೆ ಕಿರುಚಿದಳು. ಅತ್ತಿಗೆ ಹಾವು ಅಂದುಕೊಂಡು ಬಕೆಟ್ಟಿನ ಮೇಲೆ ಹತ್ತಿದಳು. ಬಕೆಟ್ಟು ಮಗುಚಿತು. ಅಮ್ಮ, ಅಣ್ಣ, ಮಕ್ಕಳು ಎಲ್ಲ ಓಡಿಬಂದರು.

"ಇದೆ! ಗೋಡೆ ಮೇಲೆ... ಅಯ್ಯೋ ಹೋಯ್ತು! ಅತ್ತಿಗೆ, ಹೊದಿಕೆ ಹಿಡೀರಿ, ಮತ್ತೆ ಬೈಯ್ರಿ ನನ್ನ!"

"ಇವಳಿಗೆ ತಲೆ ಕೆಡ್ತು," ಅಂದ ಅಣ್ಣ.

ತಲೆ ಕೆಟ್ಟಿರಲಿಲ್ಲ, ತಲೆ ಬಂದಿತ್ತು. ಚುಕ್ಕಿ ಹಣೆ ಹಣೆ ಬಡಿದುಕೊಂಡಳು. ಪಕ್ಕದ ಮನೆ, ಬುದ್ಧಿ ಕೆಡುವುದು, ಬೂದಿ ಕೋಟು, ಅಂತ ಊರಿಗೆಲ್ಲ ಪಾಠ ಹೇಳಿದವಳು ತಾನೇ! ಕೆಂಪನ್ನು ಬಹಳ ಹೊತ್ತು ನೋಡಿದ ಕಣ್ಣಿಗೆ ಕೆಂಪು ಸಾಕಾಗಿಬಿಡುತ್ತದೆ. ಆಗ ಬೂದಿಯನ್ನು ತೋರಿಸಿದರೆ ಅದು ಕೆಂಪಿನ ಎದುರುಕಡೆಯ ಬಣ್ಣವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆ ಸಭೆಯಲ್ಲಿ ಯಾರೂ ಕೆಟಲ್ ಕದ್ದಿರಲಿಲ್ಲ. ಮಧ್ಯಾಹ್ನದವರೆಗೆ ಕೆಂಪು ನುಂಗಿದ ಅಷ್ಟೂ ಜನ, ಒಡತಿಯಿಂದ ಹಿಡಿದು ಲಾರಿಯವನವರೆಗೆ, ಒಂದು ಬೂದಿ ಕೆಟಲ್ ನೋಡಿ ಇಲ್ಲದ ಬಣ್ಣಕ್ಕೆ ಚಪ್ಪಾಳೆ ತಟ್ಟಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಇಲ್ಲಿ ಕೂಸು ಕಣ್ಣೊಳಗೇ ಇತ್ತು.

ನಂಬದಿದ್ದ ಅಣ್ಣನನ್ನು ಹೊದಿಕೆಯ ಮುಂದೆ ನಿಲ್ಲಿಸಿದರು. "ಕಣ್ಣು ಮಿಟುಕಿಸ್ಬೇಡ. ನೋಡು. ನೋಡು. ಈಗ ಗೋಡೆ!" ಅಣ್ಣ "ಅಯ್ಯಯ್ಯೋ!" ಅಂದ. ಮಕ್ಕಳು "ನಂಗೆ, ನಂಗೆ" ಅಂತ ಕುಣಿದರು. ಅತ್ತಿಗೆ ನೋಡಿ ನಾಚಿಕೊಂಡಳು, ಯಾಕೆ ಅಂತ ಅವಳಿಗೂ ಗೊತ್ತಿಲ್ಲ. ಗಲಾಟೆ ಕೇಳಿ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದವಳು ಏಣಿ ಹಾಕಿಕೊಂಡು ಈಚೆಗೇ ಇಳಿದುಬಂದಳು. ಒದ್ದೆ ಹೊದಿಕೆಯ ಮುಂದೆ ಎಲ್ಲರೂ ಸಾಲುಗಟ್ಟಿ ನಿಂತು, ಗುಡ್ಡೆ ಹೊರಬರುವಂತೆ ಕಣ್ಣು ಬಿಟ್ಟು, ಒಬ್ಬೊಬ್ಬರಾಗಿ ಖಾಲಿ ಗೋಡೆ ನೋಡಿ ಚೀರಿದರು. ದಾರಿಯಲ್ಲಿ ಹೋಗುವವರು ಈ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ಬೇಗ ಬೇಗ ಹೆಜ್ಜೆ ಹಾಕಿದರು.

ನಗು ಇಳಿದ ಮೇಲೆ ಚುಕ್ಕಿ ನೆಲಕ್ಕೆ ಕುಸಿದಳು. ಗೊತ್ತಾಗಿ ಆದದ್ದೇನು? ಉಸಿರೆಳೆದು ಬಿಡುವುದರೊಳಗೆ ಮಾಯವಾಗುವ ಬಣ್ಣವನ್ನು ಕೆಟಲ್‌ಗೆ ಬಳಿಯುವುದು ಹೇಗೆ? ಕೊಳ್ಳಲು ಬಂದವರಿಗೆಲ್ಲ ಮೊದಲು ಒಂದು ಕೆಂಪು ಹೊದಿಕೆ ನೋಡಿ ಸ್ವಾಮಿ ಅನ್ನುವುದೇ? ಸಂಜೆಯಾದರೂ ಅವಳು ಹಾಗೇ ಕೂತಿದ್ದಳು. ಒಣಗಿದ ಹೊದಿಕೆಯನ್ನು ಅಮ್ಮ ಬೆನ್ನಿಗೆ ಹೊದ್ದು, ಗಾಳಿಗೆ ತಲೆಯವರೆಗೆ ಎಳೆದುಕೊಂಡು, ಮೆಟ್ಟಿಲ ಮೇಲೆ ಕೂತು ಮಗಳನ್ನು ನೋಡಿದಳು. "ಅಳ್ಬೇಡ ಬಿಡೇ, ಹೋದ್ರೆ ಕೋಣೆ ತಾನೇ."

ಚುಕ್ಕಿ ತಲೆ ಎತ್ತಿದಳು. ಅಮ್ಮನ ತಲೆ ಪೂರ್ತಿ ನರೆತದ್ದು, ಬೂದಿ ಬಿಳುಪು. ಈಗ ಕೆಂಪು ಹೊದಿಕೆಯ ನಡುವೆ ಆ ಕೂದಲು...

"ಅಮ್ಮಾ! ನಿನ್ನ ತಲೆ ಹಸಿರಾಗಿದೆ!"

"ನಿನ್ನ ತಲೆ ಹಸಿರಾಗ!" ಅಂದಳು ಅಮ್ಮ.

"ಅಲ್ಲಾಡ್ಬೇಡಮ್ಮಾ! ಹಾಗೇ ಇರು!" ಚುಕ್ಕಿ ಹತ್ತಿರ ಹೋಗಿ ನೋಡಿದಳು, ದೂರ ಹೋಗಿ ನೋಡಿದಳು. ಹೊದಿಕೆ ಜಾರಿದರೆ ಬೂದಿ, ಎಳೆದರೆ ಆ ಬಣ್ಣ. ಮಾಯವಾಗುತ್ತಲೇ ಇಲ್ಲ! ಕೆಂಪು ಪಕ್ಕದಲ್ಲಿ ಇರುವಷ್ಟು ಹೊತ್ತೂ ಇದೆ. ಅವಳು ಅಮ್ಮನ ಹಸಿರು ತಲೆಗೆ ಲೊಚಲೊಚನೆ ಮುತ್ತಿಟ್ಟು, ಚಪ್ಪಲಿ ಎಡ ಬಲ ನೋಡದೆ ಮೆಟ್ಟಿ, ಅಚ್ಚಿನಣ್ಣನ ಮನೆಗೆ ಓಡಿದಳು.

ಅಚ್ಚಿನಣ್ಣ ಕೇಳಿದ್ದು ಒಂದೇ: "ಬೆನ್ನಿರೋ ಸ್ಟ್ಯಾಂಡಾ? ಕೆಟಲ್ ಏನು ಒರಗಿ ಕೂತ್ಕೊಳ್ಳುತ್ತಾ?" ಆದರೂ ಮಾಡಿಕೊಟ್ಟ. ಕೆಟಲ್ ಕೂರುವ ಅಗಲವಾದ ತಟ್ಟೆ, ಅದರ ಹಿಂದೆ ಅರ್ಧ ಸುತ್ತಿ ಬರುವ ಎತ್ತರದ ಬೆನ್ನು. ಅದಕ್ಕೆ ಕೆಂಪು ಬಳಿಯುವುದು ಚುಕ್ಕಿಯ ಪಾಲು. ಟೊಮೆಟೊ ಕೆಂಪು ಬಳಿದರೆ ಬೂದಿ ನೀಲಿಗೆ ಜಾರಿತು. ದಾಳಿಂಬೆ ಕೆಂಪಿಗೆ ಹುಲ್ಲಿನ ಹಸಿರಾಗಿ ಸಪ್ಪಗಾಯಿತು. ಬಳಿದಳು, ಕೆರೆದಳು, ಬಳಿದಳು. ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಉಳಿದಿದ್ದ ಅಂಗೈಯಗಲ ಬೆಳಕಿನಲ್ಲಿ ಕಡೆಗೊಂದು ಕೆಂಪು ಕೂತಿತು ನೋಡಿ, ಅವಳು ಒಬ್ಬಳೇ ಕುಣಿದದ್ದನ್ನು ಆ ಪೆಟ್ಟಿಗೆಗಳು ಮಾತ್ರ ಕಂಡವು.

ಅಂಗಡಿಯವರು ಬರುವ ಮುಂಚೆ ಒಡತಿ ತಾವು ನೋಡಬೇಕು ಅಂದರು. ಅದೇ ದೊಡ್ಡ ಕೋಣೆ, ಅದೇ ಜನ. ಚುಕ್ಕಿ ಬೂದಿ ಕೆಟಲ್ಲನ್ನು ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಇಟ್ಟಳು.

"ಇದೇನೇ, ಪ್ರೈಮರ್ ತಂದಿದ್ದೀಯಾ?" ಅಂದರು ಮಾವ.

 ನೇರವಾಗಿ ಸ್ಟ್ಯಾಂಡಿನ ಮೇಲೆ ಇಟ್ಟು ತೋರಿಸಿಬಿಟ್ಟರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಚಪ್ಪಾಳೆ ತಟ್ಟಿಸಿಕೊಂಡಿದ್ದು ಅಷ್ಟೂ ದಿನ ಅವಳನ್ನು ಚುಚ್ಚುತ್ತಿತ್ತು.

"ಮೇಡಂ, ಅವತ್ತು ನಾವು ನೋಡಿದ್ದು ಇದನ್ನೇ. ಇದರ ಮೇಲೆ ಯಾವ ಬಣ್ಣನೂ ಇರ್ಲಿಲ್ಲ. ಕೆಂಪು ನೋಡಿ ನೋಡಿ ನಮ್ಮ ಕಣ್ಣಿಗೆ ಹಾಗೆ ಕಾಣಿಸ್ತು."

 ಒಡತಿಯ ಹುಬ್ಬು ಮೇಲೆದ್ದಿತು. "ಅಂದ್ರೆ ನನ್ನ ಕಣ್ಣು ನಂಗೇ ಸುಳ್ಳು ಹೇಳ್ತು ಅಂತೀಯಾ?"

"ನಿಮ್ಮ ಕಣ್ಣು ಸುಳ್ಳು ಹೇಳ್ಲಿಲ್ಲ ಮೇಡಂ. ಸುಳ್ಳು ಹೇಳಿದ್ದು ನಾನು. ನಂದೇ ಅಂದೆ. ಅದು ನಂದಲ್ಲ."

"ಮತ್ಯಾರ್ದು?"

"ಎಲ್ಲರೂ ಸೇರಿ ಮಾಡಿದ್ದು ಮೇಡಂ. ನೀವೂ, ಮಾವನೂ, ಲಾರಿ ಅಣ್ಣನೂ."

ಹೇಳಿದವಳೇ ಕೆಂಪು ಸ್ಟ್ಯಾಂಡನ್ನು ಮುಂದೆಳೆದು ಕೆಟಲ್ ಎತ್ತಿ ಅದರ ಮೇಲಿಟ್ಟಳು.

ಬೂದಿ ಕೆಟಲ್ ಮೆಲ್ಲಗೆ ಬಣ್ಣಕ್ಕೆ ಬಂತು. ಅದೇ. ಹಸಿರೂ ಅಲ್ಲ, ನೀಲಿಯೂ ಅಲ್ಲ. ಲಾರಿಯವನು ಮತ್ತೆ "ಆಹಾ" ಅಂದ, ತಪಾಸಣೆಯಾಕೆಯ ಕೈ ಮತ್ತೆ ಕೆನ್ನೆಗೆ ಹೋಯಿತು. ಮಾವ ಎದ್ದು ಬಂದು ಕೆಟಲ್ಲನ್ನು ಎತ್ತಿದರು. ಬೂದಿ. ಇಟ್ಟರು. ಬಂತು! ಎತ್ತಿದರು. ಹೋಯಿತು. ಇಟ್ಟರು, ಎತ್ತಿದರು, ಇಟ್ಟರು, ಮಗುವಿನಂತೆ ಕಿಲಕಿಲ ನಕ್ಕರು. ಹಾಗೆ ನಗುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು ತೊಡೆ ತಟ್ಟಿಕೊಂಡರು.

"ಅಕ್ಕಾ! ಹಾಗಾದ್ರೆ ಕೆಟಲ್‌ಗೆ ಬಣ್ಣ ಹಾಕೋದೇ ಬೇಡ! ಪ್ರೈಮರ್ ಸಾಕು, ಪಕ್ಕಕ್ಕೆ ಯಾವುದಾದ್ರೂ ಒಂದು ಕೆಂಪು ಇಟ್ರಾಯ್ತು. ಬಣ್ಣದ ಕೋಣೆ ಇನ್ಯಾಕೆ?"

ಚುಕ್ಕಿಗೆ ನೆಲವೇ ಬಾಯ್ಬಿಟ್ಟಂತಾಯಿತು. ತನ್ನ ಗುಂಡಿಯನ್ನು ತಾನೇ, ಅದೂ ಇಷ್ಟು ಕಷ್ಟಪಟ್ಟು, ತೋಡಿಕೊಂಡಿದ್ದಳು. ಒಡತಿ ಅವಳನ್ನು ನೋಡಲಿಲ್ಲ. ತಮ್ಮನಿಗೆ ಹೇಳಿದರು:

"ಹಾಗಾ? ಯಾವುದಾದ್ರೂ ಕೆಂಪು ತಗೊಂಡು ಬಾ ನೋಡೋಣ."

ಮಾವ ಓಡಿದರು. ಕೆಂಪು ಫೈಲು ತಂದು ಕೆಟಲ್ ಹಿಂದೆ ಹಿಡಿದರು. ಕೆಟಲ್ ಪಾಚಿಯಾಯಿತು. ಕೆಂಪು ಕುರ್ಚಿಯ ದಿಂಬು ತಂದರು. ಕೆಟಲ್ ಜ್ವರ ಬಂದವರ ಮುಖದಂತೆ ಬಿಳಚಿಕೊಂಡಿತು. ಕಾವಲುಗಾರನ ಕೊಡೆ, ತಪಾಸಣೆಯಾಕೆಯ ಕೈಚೀಲ, ಬೆಂಕಿ ಆರಿಸುವ ಸಿಲಿಂಡರನ್ನೇ ತಬ್ಬಿಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ತಂದರು. ನೀಲಿ, ಕಂದು, ಕೆಸರು, ಎಲ್ಲ ಬಂತು, ಆ ಬಣ್ಣ ಬರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ಮಾವ ಮೇಜಿಗೆ ಒರಗಿ ಬೆವರು ಒರೆಸಿಕೊಂಡರೆ, ಕರ್ಚೀಫಿನ ಮೇಲೆ ತಲೆಯ ಕಪ್ಪು ಇಳಿದಿತ್ತು.

"ಒಂದು ಕೆಂಪು ಸಿಗೋಕೆ ಎಷ್ಟು ಬೆಳಕು ಬೇಕು ಚುಕ್ಕಿ?" ಅಂದರು ಒಡತಿ.

"ಒಂದು ಕಿಟಕಿಯಷ್ಟು ಮೇಡಂ."

"ಪೆಟ್ಟಿಗೆ ಆಚೆ ಹಾಕ್ಸು," ಅಂದರು ಒಡತಿ ತಮ್ಮನಿಗೆ. ಆಮೇಲೆ ಚುಕ್ಕಿಯ ಕಡೆ ತಿರುಗಿ, "ಹೊರಗೆ ಡಬ್ಬದ ಮೇಲೆ ಬಣ್ಣ ಬೂದಿ ಅಂತಲೇ ಅಚ್ಚು ಹಾಕಿಸ್ತೀನಿ. ಇನ್ನು ಈ ಕೆಟಲ್ ವಿಷಯದಲ್ಲಿ ಯಾರೂ ಸುಳ್ಳು ಹೇಳೋದು ಬೇಡ," ಅಂದರು. ಗದರಿದರೋ ನಕ್ಕರೋ ಯಾರಿಗೂ ತಿಳಿಯಲಿಲ್ಲ. ಬಾಗಿಲು ದಾಟುವ ಮುಂಚೆ ಅವರೂ ಒಂದು ಸಲ ಕೆಟಲ್ ಎತ್ತಿ ಇಟ್ಟು ನೋಡಿದರು.

ಪೆಟ್ಟಿಗೆಗಳನ್ನು ಸಾಗಿಸಲು ಮಾವನೇ ಬಂದರು. ಸೋತ ಮುಖ ಹೊತ್ತು ಬಂದವರು ಮೂರನೆಯ ಪೆಟ್ಟಿಗೆಗೆ ಹಾಡು ಗುನುಗತೊಡಗಿದರು. ಕಿಟಕಿ ಮೇಲಿನಿಂದ ಕೆಳಗೆ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಂಡಿತು. ಕಡೆಯ ಪೆಟ್ಟಿಗೆ ಹೊರಗೆ ಹೋದ ಮೇಲೆ ಚುಕ್ಕಿ ಬರಿಯ ನೆಲದ ಮೇಲೆ ಕಾಲು ಚಾಚಿ ಕೂತಳು. ಅಷ್ಟು ದಿನ ತಡೆದದ್ದು ಒಮ್ಮೆಲೇ ಬಂತು. ನಗುತ್ತಾ ಅತ್ತಳು, ಅಳುತ್ತಾ ನಕ್ಕಳು, ಮೂಗು ಒರೆಸಿಕೊಂಡಳು.

ಮಾವ ಬಾಗಿಲಲ್ಲಿ ಇಣುಕಿ ಗಾಬರಿಯಾದರು. "ಏನಾಯ್ತೇ? ಕೋಣೆ ಸಿಕ್ತಲ್ಲ, ಇನ್ಯಾಕೆ ಅಳು?"

"ಸಿಕ್ತಲ್ಲ, ಅದಕ್ಕೇ ಮಾವ."

ಮಾವ ಒಳಗೆ ಬಂದು, ಮಂಡಿ ಹಿಡಿದುಕೊಂಡು ಉಸ್ಸಪ್ಪಾ ಅಂತ ಅವಳ ಪಕ್ಕದಲ್ಲೇ ಕೂತರು. ಇಬ್ಬರೂ ಎದುರಿನ ಬೂದಿ ಗೋಡೆ ನೋಡಿದರು. ಮಾವ ಬಹಳ ಹೊತ್ತು ಕಣ್ಣು ಕಿರಿದು ಮಾಡಿ, ಅಗಲ ಮಾಡಿ ನೋಡಿದರು.

"ಏನೂ ಕಾಣ್ತಿಲ್ವಲ್ಲೇ ಇಲ್ಲಿ."

"ಅದೇ ಮಾವ," ಅಂದಳು ಚುಕ್ಕಿ. "ಏನೂ ಕಾಣದೇ ಇರೋ ಜಾಗ ನಂಗೆ ಇದೊಂದೇ ಇರೋದು."

 ಮಾವ ಎದ್ದು, ಹೊರಗೆ ಹೋಗಿ, ಅವಳ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.